ಸಹಾಯ ಬೇಕು: ಕೀನ್ಯಾ, ಉಗಾಂಡ, ರುವಾಂಡದಲ್ಲಿ ದೀರ್ಘಕಾಲದ ಸೇವೆಗೆ ತಯಾರಿ

ಎಲ್ಲರಿಗೂ ಪ್ರಭುವಿನ ನಾಮದಲ್ಲಿ ವಂದನೆ. ನಾನು ನರ್ಸ್, ನಮ್ಮ ಮನೆಯವರು ಸಭೆಯಲ್ಲಿ ಬೋಧಕರು. ಬರುವ ವರ್ಷ ಮಗಳನ್ನೂ ಕರೆದುಕೊಂಡು ಕೀನ್ಯಾಕ್ಕೆ, ಅಲ್ಲಿಂದ ಉಗಾಂಡ, ರುವಾಂಡಕ್ಕೆ ಸೇವೆಗೆ ಹೊರಡುತ್ತಿದ್ದೇವೆ. ಆ ಕಡೆ ಇದ್ದು ಬಂದವರ ಸಲಹೆ ಬೇಕು.

ಮೊದಲು ವೀಸಾ. ಈ ಮೂರೂ ದೇಶಗಳಿಗೆ ಸೇರಿ ಒಂದೇ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ, 90 ದಿನಕ್ಕೆ. ಆದರೆ ಅದು ಪ್ರವಾಸಿಗರಿಗೆ ಮಾತ್ರ. ಸಂಬಳ ಇಲ್ಲದಿದ್ದರೂ ಅದರ ಮೇಲೆ ಹೋಗಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುವುದು ಸರಿಯಲ್ಲ. ಆ ದಾರಿ ದಯವಿಟ್ಟು ಹೇಳಬೇಡಿ. ನಮ್ಮನ್ನು ಕರೆಸಿಕೊಳ್ಳುವ ಸಭೆಯೇ ಪರ್ಮಿಟ್‌ಗೆ ಅರ್ಜಿ ಹಾಕಬೇಕಾ? ನಿಮಗೆ ಎಷ್ಟು ತಿಂಗಳು ಹಿಡಿಯಿತು? ನರ್ಸಿಂಗ್ ನೋಂದಣಿ ಮೂರೂ ಕಡೆ ಬೇರೆ ಬೇರೆ ಮಾಡಿಸಿದಿರಾ?

ಹಳದಿ ಜ್ವರದ ಲಸಿಕೆ ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಬೇಕು, ಅದು ಗೊತ್ತು. ನನ್ನ ಚಿಂತೆ ಮಲೇರಿಯಾದ್ದು. ಮಗಳಿಗೆ 6 ವರ್ಷ. ಮಲೇರಿಯಾ ಬಾರದಂತೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 8 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಲ್ಲಿ ವರ್ಷಗಟ್ಟಲೆ ಇದ್ದವರು ಮಕ್ಕಳಿಗೆ ಬೇರೆ ಮಾತ್ರೆ ಮುಂದುವರಿಸಿದಿರಾ? ಡಾಕ್ಟರನ್ನು ಕೇಳಿಯೇ ಕೇಳುತ್ತೇವೆ. ಆದರೂ ಅಲ್ಲಿ ಮಕ್ಕಳನ್ನು ಬೆಳೆಸಿದ ತಾಯಂದಿರ ಅನುಭವ ಬೇರೆ ಅಲ್ವಾ?

ಭಾಷೆ ಬಗ್ಗೆಯೂ ಹೇಳಿ. ಕಿಟ್ಟೆಲ್ ಅವರು ಜರ್ಮನಿಯಿಂದ ಬಂದು ನಮ್ಮ ಕನ್ನಡ ಕಲಿತರು. ನಾವು ಸುಮ್ನೆ ಇಂಗ್ಲಿಷ್ ನಂಬಿಕೊಂಡು ಹೋಗಲು ಮನಸ್ಸು ಒಪ್ಪುತ್ತಿಲ್ಲ. ಸ್ವಾಹಿಲಿ ಸಾಕಾ, ರುವಾಂಡಕ್ಕೆ ಕಿನ್ಯರುವಾಂಡವೂ ಬೇಕಾ? ಮಂಗಳೂರು, ಉಡುಪಿ ಕಡೆ ಹೇಳಿಕೊಡುವವರಿದ್ದರೆ ಮೆಸೇಜ್ ಮಾಡಿ.