ತಮ್ಮ ಫೋಟೊ ಅಪ್‌ಲೋಡ್‌ಗೆ ಹಾಕಿದರೆ ಮನೆಯವರ ಕಾಲ್ ಎಲ್ಲಾ ನಿಂತುಹೋಗುತ್ತದೆ. ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾ?

ಮಾಳಮಡ್ಡಿ ಹಂಚಿನಮನೆ:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಮಾಳಮಡ್ಡಿಯವರು. ಹಳೆ ಹಂಚಿನ ಮನೆ, ಗೋಡೆ ಒಂದೊಂದೂ ಮೊಳ ದಪ್ಪ. ನಾನು ಮನೆಯಲ್ಲೇ ಕೂತು ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ತಮ್ಮ ಮದುವೆ ಫೋಟೊಗ್ರಾಫರ್. ಸೀಸನ್ ಬಂತೆಂದರೆ ರಾತ್ರಿ ಮನೆಗೆ ಬಂದವನೇ ಕಾರ್ಡ್‌ನಲ್ಲಿ ಇದ್ದದ್ದನ್ನೆಲ್ಲ ಕ್ಲೌಡ್‌ಗೆ ಏರಿಸಲು ಹಾಕಿ ಊಟಕ್ಕೆ ಕೂರುತ್ತಾನೆ. ಶುರುವಾಯಿತು ನೋಡಿ. ಮಗಳ ಟ್ಯೂಷನ್‌ನಲ್ಲಿ ಮೇಷ್ಟ್ರು ಬಾಯಿ ತೆರೆದಂತೆಯೇ ನಿಂತುಬಿಡುತ್ತಾರೆ. ನನ್ನ ವಾಟ್ಸಾಪ್ ಕಾಲ್‌ನಲ್ಲಿ "ಹಲೋ, ಕೇಳಸ್ತದೇನ್ರಿ?" ಅನ್ನುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಆದರೆ ಅವನು ಕೆಲಸ ಮಾಡದಿದ್ದಾಗ ಸ್ಪೀಡ್ ಟೆಸ್ಟ್ ಮಾಡಿದರೆ 50 ಎಂಬಿಪಿಎಸ್ ಪೂರ್ತಿ ಬರುತ್ತದೆ, ಏರಿಸುವುದೂ ಅಷ್ಟೇ, ಇಳಿಸುವುದೂ ಅಷ್ಟೇ. ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ, "ನಮ್ಮ ಕಡೆ ಎಲ್ಲಾ ಸರಿ ಇದೆ ಸರ್, 100ರ ಪ್ಲಾನ್ ಹಾಕಿಸಿಕೊಳ್ಳಿ" ಅಂತಾರೆ.

ಮುಂದಿನ ಕೋಣೆಯಲ್ಲಿ ಅವರದೇ ಫೈಬರ್ ಡಬ್ಬಿ ಇದೆ. ಅದರಿಂದ ಒಂದು ವೈರ್ ಟಿಪಿ-ಲಿಂಕ್ ಆರ್ಚರ್ ಸಿ7 ರೂಟರ್‌ಗೆ ಹೋಗುತ್ತದೆ. ಬೆಂಗಳೂರಿನ ಗೆಳೆಯ ಹೊಸದು ತಗೊಂಡಾಗ ಇದನ್ನು ನನಗೆ ಕೊಟ್ಟ. ಕೆಳಗಿನ ಸ್ಟಿಕರ್‌ನಲ್ಲಿ ವರ್ಷನ್ 5.0 ಅಂತ ಇದೆ. "ಇದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕು, ಎಲ್ಲಾ ಸರಿ ಹೋಗುತ್ತೆ" ಅಂದ. ರೂಟರ್ ಒಳಗಿನ ಕಂಪನಿ ಸಾಫ್ಟ್‌ವೇರ್ ತೆಗೆದು ಅದರ ಜಾಗದಲ್ಲಿ ಹಾಕುವ ಬೇರೆ ಸಾಫ್ಟ್‌ವೇರ್ ಅಂತೆ. ಹೇಗೆ ಅಂತ ಹೇಳಲಿಲ್ಲ.

ನಾನು ಎಕ್ಸೆಲ್ ಮನುಷ್ಯ, ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುವವನಲ್ಲ. ಇದನ್ನು ಹಾಕಿದರೆ ನಿಜಕ್ಕೂ ಉಪಯೋಗ ಇದೆಯಾ? ಅರ್ಧಕ್ಕೆ ಕೆಟ್ಟರೆ ರೂಟರ್ ಕಸದ ಬುಟ್ಟಿಗೆ ಅಂತಲಾ? ಹಾಗೇ, ಹಿಂದಿನ ಅಡುಗೆಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅದೂ ಜಾಸ್ತಿ ಆಗುತ್ತಾ?

ಹಾವೇರಿ ಏಲಕ್ಕಿ:

ಸುಮ್ನೆ ತಲೆಬಿಸಿ ಯಾಕೆ ಸರ್? ಒಂದು ಹೊಸ ರೂಟರ್ ತಗೊಂಡುಬಿಡಿ. ನನ್ನ ಹತ್ತಿರ ಟಿಪಿ-ಲಿಂಕ್‌ನದೇ ಹಳೆಯ ರೂಟರ್, ಡಬ್ಲ್ಯುಆರ್ 841ಎನ್, ಒಂದಿದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. ಅಷ್ಟರಲ್ಲಿ ಏನು ಹಿಡಿಸುತ್ತೆ? ಅಂಥವುಗಳಿಗೆ ಓಪನ್‌ಡಬ್ಲ್ಯುಆರ್‌ಟಿಯವರು 19.07 ವರ್ಷನ್‌ಗೇ ನಿಲ್ಲಿಸಿದರು. ಅದಾದ ಮೇಲೆ ಅಪ್‌ಡೇಟೇ ಇಲ್ಲ. ಸೆಕ್ಯುರಿಟಿಗೆ ಅಂತ ಹಾಕಿ, ಆಮೇಲೆ ಅಪ್‌ಡೇಟ್ ಇಲ್ಲದ್ದನ್ನೇ ಓಡಿಸುವುದರಲ್ಲಿ ಏನು ಅರ್ಥ?

ಕೊಪ್ಪೀಕರ ರೋಡ್ ಕೇಬಲ್:

ಏಲಕ್ಕಿ ಅಣ್ಣಾ, 841ರ ಬಗ್ಗೆ ನಿಮ್ಮ ಮಾತು ಖರೆ. ಸಿ7 ಹಾಗಲ್ಲ. ಅದರ 5ನೇ ವರ್ಷನ್‌ನಲ್ಲಿ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇದೆ. ಇವರ ಮನೆಗೆ ಧಾರಾಳ ಆಯಿತು.

ನಾನು ಹುಬ್ಬಳ್ಳಿಯಲ್ಲಿ ಅಂಗಡಿ, ಲಾಡ್ಜ್, ಕ್ಲಿನಿಕ್‌ಗಳಿಗೆ ಕ್ಯಾಮೆರಾ ಮತ್ತು ನೆಟ್ ವೈರಿಂಗ್ ಮಾಡುವವನು. ದಿನ ಬೆಳಗಾದರೆ ಕೇಳುವ ಮಾತು "ವೈಫೈ ಸ್ಲೋ ಆಗೇತ್ರಿ". ಆ ಒಂದು ಮಾತಿನ ಹಿಂದೆ ಎರಡು ಬೇರೆ ಬೇರೆ ತೊಂದರೆ ಇರುತ್ತವೆ. ಸಿಗ್ನಲ್ ಮುಟ್ಟುತ್ತಿಲ್ಲ ಅನ್ನುವುದು ಒಂದು. ಸಿಗ್ನಲ್ ಇದೆ, ಆದರೆ ಡೇಟಾ ಸಾಲಿನಲ್ಲಿ ಕಾಯ್ತಾ ನಿಂತಿದೆ ಅನ್ನುವುದು ಇನ್ನೊಂದು. ಹಂಚಿನಮನೆ ಅವರೇ, ನಿಮ್ಮ ಮನೆಯಲ್ಲಿ ಎರಡೂ ಇವೆ. ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ಸಾಫ್ಟ್‌ವೇರ್, ಬದಲಿಸಿದರೆ ಸಾಲಿನ ತೊಂದರೆ ಹೋಗುತ್ತದೆ. ಅಡುಗೆಮನೆಯ ಕಡ್ಡಿ ಒಂದೇ ಇರುತ್ತದೆ.

ನನ್ನ ಮಾತು ನಂಬಬೇಡಿ, ಮೊದಲು ನೀವೇ ನೋಡಿ. ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ವೈರ್ ಹಾಕಿ, ವೈಫೈ ಆಫ್ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8ಗೆ ಪಿಂಗ್ ಕೊಡಿ. ಕೊನೆಗೆ ಮೈನಸ್ ಟಿ (-t) ಸೇರಿಸಿದರೆ ನಿಲ್ಲದೆ ಓಡುತ್ತಿರುತ್ತದೆ. ಆ ಕಡೆಯಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಸಾಲು ಸಾಲಾಗಿ ಮಿಲಿಸೆಕೆಂಡ್ ಲೆಕ್ಕ ಬರುತ್ತದೆ. ಹಾಗೇ ಬಿಟ್ಟು ತಮ್ಮನಿಗೆ ಅಪ್‌ಲೋಡ್ ಶುರು ಮಾಡಲು ಹೇಳಿ. ಹತ್ತಿಪ್ಪತ್ತರಲ್ಲಿ ಇದ್ದ ಅಂಕಿ ನೂರಾರಕ್ಕೆ ಹಾರಿದರೆ, ಅದು ಬಫರ್‌ಬ್ಲೋಟ್. ವೈರ್‌ನಲ್ಲೇ ಹಾರಿತು ಅಂದಮೇಲೆ ವೈಫೈ ಮೇಲೆ ತಪ್ಪು ಹಾಕುವಂತಿಲ್ಲ, ಅಲ್ವಾ?

ಆಗುವುದು ಇಷ್ಟೇ. ತಮ್ಮನ ಕಂಪ್ಯೂಟರ್ ಲೈನ್ ತಡೆಯುವುದಕ್ಕಿಂತ ಬೇಗ ಬೇಗ ಡೇಟಾ ತಳ್ಳುತ್ತದೆ. ಹೆಚ್ಚಾದದ್ದನ್ನು ಬಿಸಾಡುವ ಬದಲು ಡಬ್ಬಿ ತನ್ನ ಮೆಮೊರಿಯಲ್ಲಿ ಪೇರಿಸಿಟ್ಟುಕೊಳ್ಳುತ್ತದೆ. ಮಗಳ ಕ್ಲಾಸಿನ ಸಣ್ಣ ಪ್ಯಾಕೆಟ್ ಆ ರಾಶಿಯ ಹಿಂದೆ ನಿಲ್ಲಬೇಕು. ರೇಷನ್ ಅಂಗಡಿ ಸಾಲಿನಲ್ಲಿ ನಿಮ್ಮ ಮುಂದಿನವನೊಬ್ಬನೇ ಇಡೀ ಓಣಿಯ ಕಾರ್ಡ್ ಹಿಡಿದು ನಿಂತ ಹಾಗೆ. 100ರ ಪ್ಲಾನ್ ಹಾಕಿಸಿದರೆ ಅಪ್‌ಲೋಡ್ ಬೇಗ ಮುಗಿಯುತ್ತದೆ, ನಿಜ. ಆದರೆ ಮುಗಿಯುವ ತನಕ ಕಾಲ್ ಹೀಗೇ ನಿಲ್ಲುತ್ತದೆ. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಜಿಮ್ ಗೆಟಿಸ್ ಅನ್ನುವ ಪ್ರೋಗ್ರಾಮರ್. 2010ರಲ್ಲಿ ಅವರಿಗೆ ಇದು ಸಿಕ್ಕಿದ್ದೂ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗಲೇ. ನಿಮ್ಮ ತಮ್ಮನ ಕೇಸೇ ಅದು.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದಕ್ಕೆ ಎಸ್‌ಕ್ಯೂಎಂ ಅಂತ ಒಂದು ಪ್ಯಾಕೇಜ್ ಇದೆ. ಅದರೊಳಗೆ ಕೇಕ್ ಅನ್ನುವ ವಿಧಾನ ಆರಿಸಿಕೊಳ್ಳಬೇಕು. ನಿಮ್ಮ ಲೈನ್ ಸ್ಪೀಡಿನ ಶೇ. 85ರಿಂದ 95ರಷ್ಟು ಮಾತ್ರ ಬಿಡು ಅಂತ ರೂಟರ್‌ಗೆ ಹೇಳುತ್ತೀರಿ. ಆಗ ಸಾಲು ಕಂಪನಿ ಡಬ್ಬಿಯಲ್ಲಿ ಬೆಳೆಯುವುದಿಲ್ಲ, ನಿಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ. ಕೇಕ್ ಆ ಸಾಲಿನಲ್ಲಿ ಎಲ್ಲರಿಗೂ ಸರದಿ ಕೊಡುತ್ತದೆ. 50ರ ಪ್ಲಾನ್‌ನಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಭಾಳ ಸೋವಿ.

ಇನ್ನು ಹಾಕುವ ಕೆಲಸ. ಓಪನ್‌ಡಬ್ಲ್ಯುಆರ್‌ಟಿಯವರ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ ಆರ್ಚರ್ ಸಿ7 ವಿ5 ಅಂತಲೇ ಹುಡುಕಿ. ಬರೀ ಸಿ7 ಅಂದರೆ ಸಾಲದು. ಒಂದೇ ಹೆಸರಿನಲ್ಲಿ ಒಳಗೆ ಬೇರೆ ಬೇರೆ ಬೋರ್ಡ್ ಬಂದಿವೆ. ಎರಡು ಥರದ ಫೈಲ್ ಕಾಣುತ್ತವೆ. ಕಂಪನಿ ಫರ್ಮ್‌ವೇರ್‌ನಿಂದ ಮೊದಲ ಸಲ ಹೋಗುವಾಗ ಫ್ಯಾಕ್ಟರಿ ಅನ್ನುವುದು ಬೇಕು. ಸಿಸ್‌ಅಪ್‌ಗ್ರೇಡ್ ಅನ್ನುವುದು ಆಮೇಲೆ ವರ್ಷನ್ ಏರಿಸುವುದಕ್ಕೆ. ಫೈಲ್ ಪೂರ್ತಿ ಸರಿಯಾಗಿ ಇಳಿದಿದೆಯಾ ಅಂತ ತಿಳಿಯಲು ಪಕ್ಕದಲ್ಲಿ ಕೊಟ್ಟ ಚೆಕ್‌ಸಮ್ ತಾಳೆ ನೋಡಿ. ಫೈಲ್ ಹೆಸರು ಮಾರುದ್ದ ಇರುತ್ತದೆ, ರೂಟರ್‌ನ ಹಳೆ ಕಂಪನಿ ಪುಟ ಅದನ್ನು ಒಪ್ಪದಿದ್ದರೆ ಹೆಸರು ಚಿಕ್ಕದು ಮಾಡಿ. ವೈರ್‌ನಲ್ಲೇ ಮಾಡಿ, ವೈಫೈನಲ್ಲಿ ಬೇಡ. ರೂಟರ್ ಯುಪಿಎಸ್ ಮೇಲಿರಲಿ. ಬರೆಯುವಾಗ ಕರೆಂಟ್ ಹೋಗುವುದೊಂದೇ ನನಗೆ ಹೆದರಿಕೆ. ಮಳೆಗಾಲದ ಸಂಜೆ ಕೈ ಹಾಕಬೇಡಿ.

ಮುಗಿದ ಮೇಲೆ ವೈಫೈ ಕಾಣದಿದ್ದರೆ ಗಾಬರಿ ಆಗಬೇಡಿ. ಮೊದಲಿಗೆ ಅದು ಆಫ್ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1ಗೆ ಹೋಗಿ, ರೂಟ್ ಅಂತ ಹೆಸರು ಕೊಟ್ಟು, ಪಾಸ್‌ವರ್ಡ್ ಖಾಲಿ ಬಿಟ್ಟು ಒಳಗೆ ಹೋಗಿ. ಮೊದಲು ಪಾಸ್‌ವರ್ಡ್ ಇಡಿ, ಆಮೇಲೆ ವೈಫೈ. ದೇಶ ಇಂಡಿಯಾ ಅಂತ ಆರಿಸಿ. ಕಪ್ಪು ಪರದೆ ಬೇಕಾಗಿಲ್ಲ, ಲೂಸಿ ಅನ್ನುವ ಪುಟದಲ್ಲೇ ಎಲ್ಲಾ ಆಗುತ್ತದೆ. ಒಂದು ಕಡೆ ಮಾತ್ರ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಎಷ್ಟೋ ಫೈಬರ್ ಡಬ್ಬಿಗಳ ವಿಳಾಸವೂ 192.168.1.1. ಎರಡಕ್ಕೂ ಒಂದೇ ಆದರೆ ನೆಟ್ ಬರುವುದಿಲ್ಲ. ನಿಮ್ಮ ರೂಟರ್‌ನದನ್ನು 192.168.10.1 ಮಾಡಿಕೊಳ್ಳಿ.

ಅದಕ್ಕಿಂತ ದೊಡ್ಡದು: ಫೈಬರ್ ಡಬ್ಬಿಯ ಸ್ವಂತ ವೈಫೈ ಆಫ್ ಮಾಡಿಸಿ. ತಮ್ಮನ ಲ್ಯಾಪ್‌ಟಾಪ್ ಆ ವೈಫೈಗೆ ಸೇರಿಕೊಂಡಿದ್ದರೆ ಅವನ ಡೇಟಾ ನಿಮ್ಮ ರೂಟರ್ ಮುಟ್ಟುವುದೇ ಇಲ್ಲ. ಆಗ ಎಸ್‌ಕ್ಯೂಎಂ ಇದ್ದೂ ಇಲ್ಲದ ಹಾಗೆ. ಆ ಡಬ್ಬಿಯ ಫರ್ಮ್‌ವೇರ್‌ಗೆ ಮಾತ್ರ ಕೈ ಹಾಕಬೇಡಿ, ಅದು ಅವರ ಸ್ವತ್ತು.

ಕೆಟ್ಟರೆ? ಸಿ7ನಲ್ಲಿ ದಾರಿ ಇದೆ. ರೀಸೆಟ್ ಬಟನ್ ಒತ್ತಿಹಿಡಿದು ಪವರ್ ಕೊಟ್ಟರೆ ಅದು 192.168.0.66ರಲ್ಲಿ ಕೂತ ಕಂಪ್ಯೂಟರ್‌ನಿಂದ ಟಿಎಫ್‌ಟಿಪಿ ಅನ್ನುವ ಫೈಲ್ ಕಳಿಸುವ ಸರಳ ವಿಧಾನದ ಮೂಲಕ ಫೈಲ್ ಕೇಳುತ್ತದೆ. ಫೈಲ್ ಹೆಸರು ಆ ಮಾಡೆಲ್ ಪುಟದಲ್ಲಿ ಬರೆದ ಹಾಗೇ ಇರಬೇಕು, ಒಂದು ಅಕ್ಷರ ಆಚೀಚೆ ಆದರೂ ಒಲ್ಲೆ ಅನ್ನುತ್ತದೆ. ಕಂಪನಿ ಫರ್ಮ್‌ವೇರ್ ಒಂದು ಕಾಪಿ ಮೊದಲೇ ಇಳಿಸಿಟ್ಟುಕೊಳ್ಳಿ. ರೂಟರ್ ಸತ್ತ ಮೇಲೆ ಇಳಿಸಲು ನೆಟ್ ಎಲ್ಲಿಂದ ತರುತ್ತೀರಿ?

ಗದಗ ಪ್ರಿಂಟಿಂಗ್:

ಒಂದು ಪ್ರಶ್ನೆ ಅಣ್ಣಾ. ನಮ್ಮ ಪ್ರೆಸ್‌ನಲ್ಲಿ ಒಬ್ಬರು ಡಿಡಿ-ಡಬ್ಲ್ಯುಆರ್‌ಟಿ ಹಾಕಿ ಪವರ್ ಜಾಸ್ತಿ ಮಾಡಿದರೆ ಸಿಗ್ನಲ್ ಹಿಂದಿನ ಗೋಡೌನ್ ತನಕ ಬರುತ್ತೆ ಅಂತಾರೆ. ಹೌದಾ? ಎರಡರಲ್ಲಿ ಯಾವುದು ಛಲೋ?

ಕೊಪ್ಪೀಕರ ರೋಡ್ ಕೇಬಲ್:

ಎರಡೂ ಒಂದೇ ಊರಿನವು. 2003ರಲ್ಲಿ ಲಿಂಕ್ಸಿಸ್ ಡಬ್ಲ್ಯುಆರ್‌ಟಿ 54ಜಿ ರೂಟರ್‌ನ ಸೋರ್ಸ್ ಕೋಡ್ ಹೊರಗೆ ಬಂತು. ಒಳಗೆ ಲಿನಕ್ಸ್ ಇತ್ತು, ಜಿಪಿಎಲ್ ಲೈಸೆನ್ಸ್ ಪ್ರಕಾರ ಕೋಡ್ ಕೊಡಲೇಬೇಕಿತ್ತು. ಹೆಸರಿನ ಡಬ್ಲ್ಯುಆರ್‌ಟಿ ಆ ಮಾಡೆಲ್‌ನದೇ. ಓಪನ್‌ಡಬ್ಲ್ಯುಆರ್‌ಟಿ 2004ರಲ್ಲಿ ಶುರುವಾಯಿತು. ಬ್ರಾಡ್‌ಕಾಮ್ ಚಿಪ್ ಇರುವ ಎಷ್ಟೋ ರೂಟರ್‌ಗಳಿಗೆ ಇಂದಿಗೂ ಡಿಡಿ-ಡಬ್ಲ್ಯುಆರ್‌ಟಿ ಅಥವಾ ಫ್ರೆಶ್ ಟೊಮ್ಯಾಟೊ ಕಡೆಗೇ ಹೋಗಬೇಕು, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅವುಗಳ ವೈಫೈ ಸರಿಯಾಗಿ ನಡೆಯುವುದಿಲ್ಲ. ಉಳಿದಂತೆ ನಾನು ಓಪನ್‌ಡಬ್ಲ್ಯುಆರ್‌ಟಿ ಅಂತೀನಿ. ಯಾವ ಫೈಲ್ ಹೊಸದು, ಯಾವುದು ನಂಬುವಂಥದ್ದು ಅಂತ ಹುಡುಕುತ್ತಾ ಕೂರಬೇಕಿಲ್ಲ.

ಪವರ್ ವಿಷಯ ಮರೆತುಬಿಡಿ. ರೂಟರ್ ಜೋರಾಗಿ ಕೂಗಿದರೆ ಗೋಡೌನ್‌ನಲ್ಲಿರುವ ಫೋನ್‌ಗೆ ಕೇಳಬಹುದು. ಫೋನಿನ ಉತ್ತರ ರೂಟರ್‌ಗೆ ಕೇಳಬೇಕಲ್ಲ? ಫೋನಿನ ದನಿ ಅಷ್ಟೇ ಇರುತ್ತದೆ. ಮಿತಿ ಮೀರಿ ಏರಿಸುವುದು ಕಾನೂನಿಗೂ ಸರಿ ಅಲ್ಲ.

ಹಾವೇರಿ ಏಲಕ್ಕಿ:

ಅಣ್ಣಾ, ಒಪ್ಪಿದೆ. ಆದರೂ ವಾರಂಟಿ ಇರುವ ರೂಟರ್‌ಗೆ ಇದನ್ನು ಹಾಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಇವರದು ಪುಕ್ಕಟೆ ಬಂದದ್ದು, ಆ ಮಾತು ಬೇರೆ.

ಮಾಳಮಡ್ಡಿ ಹಂಚಿನಮನೆ:

ಹಾಕಿದೆ! ಮೊದಲು ಪಿಂಗ್ ನೋಡಿದೆ. ಸುಮ್ಮನಿದ್ದಾಗ 9, 10, 9. ತಮ್ಮ ಶುರು ಮಾಡಿದ ಕೂಡಲೇ 180, 340, 610, ನಡುವೆ ಒಂದೆರಡು ಟೈಮ್‌ಔಟ್. ತಮ್ಮನನ್ನೇ ಕರೆದು ತೋರಿಸಿದೆ. "ನಂದೇನೂ ತಪ್ಪಿಲ್ಲ, ಡಬ್ಬಿದು" ಅಂದ.

ಭಾನುವಾರ ಬೆಳಗ್ಗೆ ಕೂತೆ. ಬರೆಯುವಾಗ ಪಟ್ಟಿ ಕೊನೆಗೆ ಬಂದು ನಿಂತಿತು, ದೀಪ ಎಲ್ಲಾ ಆರಿ ಮತ್ತೆ ಒಂದೊಂದಾಗಿ ಹತ್ತಿದವು. ನೀವು ಹೇಳಿದ ಹಾಗೆ ಡಬ್ಬಿಯ ವಿಳಾಸವೂ ಅದೇ ಇತ್ತು, ಬದಲಿಸಿದ ಮೇಲೆ ನೆಟ್ ಬಂತು. ಎಸ್‌ಕ್ಯೂಎಂ ಪ್ಯಾಕೇಜ್ ಸಾಫ್ಟ್‌ವೇರ್ ಪುಟದಿಂದ ಹಾಕಿದೆ. ವ್ಯಾನ್ ಪೋರ್ಟ್ (ಹೊರಗಿನ ನೆಟ್ ಬರುವ ಪೋರ್ಟ್) ಆರಿಸಿ, ಏರಿಸುವುದು, ಇಳಿಸುವುದು ಎರಡೂ ಕಡೆ 45000 ಕೊಟ್ಟೆ, ಅಲ್ಲಿ ಲೆಕ್ಕ ಕಿಲೋಬಿಟ್‌ನಲ್ಲಿ ಇರುತ್ತದೆ. ಕೇಕ್ ಆರಿಸಿದೆ. ಈಗ ಅಪ್‌ಲೋಡ್ ನಡೆಯುವಾಗಲೂ ಪಿಂಗ್ 14, 17, 15. ಮಗಳಿಗೆ ಏನಾಯಿತು ಅಂತಲೂ ಗೊತ್ತಿಲ್ಲ, ಕ್ಲಾಸ್ ನಡೀತಿದೆ ಅಷ್ಟೇ. ಫೋಟೊ ಏರುವುದು ಸ್ವಲ್ಪ ತಡ ಅಂತ ತಮ್ಮನದೊಂದು ಗೊಣಗಾಟ ಇದೆ.

ಎರಡು ಸಂಶಯ. ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ ಅಂತ ಒಂದು ಟಿಕ್ ಇದೆ, ಹಾಕಿದರೆ ಸ್ಪೀಡ್ ಜಾಸ್ತಿ ಅಂತಾರೆ. ಹಾಕಲಾ? ಮತ್ತೆ ಅಡುಗೆಮನೆಗೆ ಏನು ಮಾಡಲಿ?

ಕೊಪ್ಪೀಕರ ರೋಡ್ ಕೇಬಲ್:

ಆ ಟಿಕ್ ಬೇಡ. ಅದು ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಕಳಿಸುತ್ತದೆ, ಎಸ್‌ಕ್ಯೂಎಂ ಜೊತೆ ಪೂರ್ತಿ ಹೊಂದುವುದಿಲ್ಲ. ನಾಳೆ 300ರ ಪ್ಲಾನ್ ಹಾಕಿಸಿದರೆ ಸಿ7ನ ಪ್ರೊಸೆಸರ್‌ಗೆ ಎಸ್‌ಕ್ಯೂಎಂ ಭಾರ ಆಗುತ್ತದೆ, ಆಗ ಬೇರೆ ರೂಟರ್ ನೋಡೋಣ. 50ಕ್ಕೆ ಚಿಂತೆ ಇಲ್ಲ.

ಅಡುಗೆಮನೆಗೆ ವೈರ್ ಎಳೆಯಿರಿ. ಹಂಚಿನ ಮನೆ ಅಂದಿರಿ, ಗೋಡೆ ಕೊರೆಯಬೇಡಿ. ಅಟ್ಟದ ಮೇಲಿಂದ ಕೇಬಲ್ ಹಾಯಿಸಿ ಹಿಂದೆ ಇಳಿಸಬಹುದು. ಇಲಿ ಇದ್ದರೆ ಪೈಪ್ ಒಳಗೆ ಹಾಕಿಸಿ. ಆ ತುದಿಗೆ ಮನೆಯಲ್ಲಿ ಬಿದ್ದಿರುವ ಯಾವುದಾದರೂ ಹಳೆ ರೂಟರ್ ಸಾಕು, ಏಲಕ್ಕಿ ಅಣ್ಣನ 841 ಆದರೂ ಆದೀತು. ಅದರಲ್ಲಿ ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವಿಳಾಸ 192.168.10.2 ಕೊಡಿ, ಕೇಬಲ್ ಅನ್ನು ವ್ಯಾನ್ ಪೋರ್ಟ್‌ಗೆ ಅಲ್ಲ, ಲ್ಯಾನ್ ಪೋರ್ಟ್‌ಗೆ ಚುಚ್ಚಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, ಚಾನೆಲ್ ಬೇರೆ ಇರಲಿ, ಮುಂದೆ 1 ಆದರೆ ಹಿಂದೆ 6 ಅಥವಾ 11.

ಈಗಲೇ ಸಿಸ್ಟಂ ಮೆನುವಿನಲ್ಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಡಿ. ಮುಂದೆ ಸಿಸ್‌ಅಪ್‌ಗ್ರೇಡ್ ಮಾಡಿದಾಗ ಸೆಟ್ಟಿಂಗ್ ಉಳಿಯುತ್ತವೆ, ಆದರೆ ನೀವು ಬೇರೆ ಹಾಕಿದ ಎಸ್‌ಕ್ಯೂಎಂ ಪ್ಯಾಕೇಜ್ ಹೋಗಿರುತ್ತದೆ. ಮತ್ತೆ ಹಾಕಬೇಕು. ಇಲ್ಲದಿದ್ದರೆ "ಅಪ್‌ಡೇಟ್ ಮಾಡಿದ ಮೇಲೆ ಹಳೆ ಕಥೆಯೇ" ಅಂತ ಮತ್ತೆ ಬರೆಯುತ್ತೀರಿ.

ಗದಗ ಪ್ರಿಂಟಿಂಗ್:

841 ನಮ್ಮಲ್ಲೂ ಒಂದಿದೆ. ಗೋಡೌನ್‌ಗೆ ಅದೇ ಲ್ಯಾನ್ ಪೋರ್ಟ್ ಉಪಾಯ ಮಾಡ್ತೀನಿ. ಪ್ರೆಸ್‌ನಿಂದ ಸುಮಾರು 40 ಮೀಟರ್ ಆಗಬಹುದು, ಕೇಬಲ್ ತಡೆಯುತ್ತಾ?

ಕೊಪ್ಪೀಕರ ರೋಡ್ ಕೇಬಲ್:

100 ಮೀಟರ್ ತನಕ ತೊಂದರೆ ಇಲ್ಲ. ಪೂರ್ತಿ ತಾಮ್ರದ್ದೇ ತಗೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತೆ, ಬೇಡ. ಬಯಲಿನಲ್ಲಿ ಹಾಯುವುದಾದರೆ ಔಟ್‌ಡೋರ್ ಕೇಬಲ್ ಕೇಳಿ. ಮಷಿನ್‌ಗಳ ಕರೆಂಟ್ ವೈರ್ ಜೊತೆ ಒಂದೇ ಪೈಪ್‌ನಲ್ಲಿ ಹಾಕಬೇಡಿ.