ಪದಚರ್ಚೆ: ಜಾಲತಾಣದ ‘ಎಂಗೇಜ್‌ಮೆಂಟ್’ಗೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಶಿರಸಿ ಕಡೆಯ ಸ್ವಸಹಾಯ ಸಂಘವೊಂದರ ಹೆಂಗಸರಿಗಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಗಳನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ತೋರಿಸಿ ಮಾರುವವರು ಅವರು. ‘ರೀಚ್’, ‘ವ್ಯೂಸ್’ ಹೇಗೋ ದಾಟಿದವು: ಎಷ್ಟು ಜನರಿಗೆ ಮುಟ್ಟಿತು, ಎಷ್ಟು ಸಲ ನೋಡಿದರು ಎಂದು ಬರೆದೆ. ಸಿಕ್ಕಿಬಿದ್ದದ್ದು ‘ಎಂಗೇಜ್‌ಮೆಂಟ್’ನಲ್ಲಿ. ಹಾಗೇ ಇಟ್ಟುಬಿಡೋಣವೆಂದರೆ, ಮೊದಲ ಓದಿನಲ್ಲೇ ಒಬ್ಬರು "ಯಾರದ್ದು ಎಂಗೇಜ್‌ಮೆಂಟು?" ಎಂದು ಕೇಳಿದರು. ನಮ್ಮೂರುಗಳಲ್ಲಿ ಆ ಪದ ಉಂಗುರ ತೊಡಿಸುವುದಕ್ಕೆ ಮೀಸಲಾಗಿ ಎಷ್ಟೋ ಕಾಲವಾಯಿತು. ಯಂತ್ರಾನುವಾದವೂ ಒಂದು ಕಡೆ "ನಿಶ್ಚಿತಾರ್ಥವನ್ನು ಹೆಚ್ಚಿಸಿಕೊಳ್ಳಿ" ಎಂದು ಬುದ್ಧಿ ಹೇಳಿತು.

ಪೋಸ್ಟ್ ಕಂಡವರು ಸುಮ್ಮನೆ ದಾಟಿ ಹೋಗದೆ ಲೈಕ್, ಕಾಮೆಂಟ್, ಶೇರ್, ಸೇವ್ ಏನಾದರೊಂದು ಮಾಡಿದರೆ ಅದು ಎಂಗೇಜ್‌ಮೆಂಟ್. 400 ಜನರಿಗೆ ಮುಟ್ಟಿದ ಹಪ್ಪಳದ ರೀಲಿಗೆ 12 ಲೈಕ್, 3 ಕಾಮೆಂಟ್, 1 ಶೇರ್ ಬಂತೆನ್ನಿ. ಒಟ್ಟು 16, ಅಂದರೆ ಶೇ. 4. (ಮುಟ್ಟಿದವರ ಬದಲು ಫಾಲೋವರ್‌ಗಳ ಸಂಖ್ಯೆಯಿಂದ ಭಾಗಿಸುವವರೂ ಇದ್ದಾರೆ.) ಇದು ಮೆಚ್ಚುಗೆಯ ಲೆಕ್ಕವಲ್ಲ. 2016ರಲ್ಲಿ ಫೇಸ್‌ಬುಕ್ ಲೈಕಿನ ಪಕ್ಕ ಅಳುಮೋರೆ, ಸಿಟ್ಟಿನ ಮೋರೆಗಳನ್ನೂ ಕೂರಿಸಿತು. "ಹಪ್ಪಳದಲ್ಲಿ ಕೂದಲಿತ್ತು" ಎಂದು ಬೈದರೆ ಅದೂ ಒಂದು ಅಂಕ. ಹಾಗಾಗಿ ‘ಮೆಚ್ಚುಗೆ’ಯನ್ನು ಕೈಬಿಟ್ಟೆ.

ಈಗ ಎಲ್ಲೆಡೆ ಓಡಾಡುತ್ತಿರುವುದು ‘ತೊಡಗಿಸಿಕೊಳ್ಳುವಿಕೆ’. ಎಂಟಕ್ಷರ ಎಂಬುದಷ್ಟೇ ನನ್ನ ತಕರಾರಲ್ಲ. ‘ತೊಡಗು’ ಎಂದರೆ ಕೆಲಸಕ್ಕೆ ಕೈಹಾಕುವುದು. ಬೇರೆ ಕ್ರಿಯಾಪದದ ಬೆನ್ನಿಗೆ ಬಂದರೆ ಶುರುಮಾಡುವುದು (ಅಳತೊಡಗಿದಳು). ಎರಡರಲ್ಲೂ ಸ್ವಲ್ಪ ಹೊತ್ತು ನಡೆಯುವ ಕೆಲಸದ ಸುಳಿವಿದೆ. ಹೆಬ್ಬೆರಳಲ್ಲಿ ಒಮ್ಮೆ ಒತ್ತಿ ಮುಂದೆ ಹೋದವರು ಯಾವುದರಲ್ಲಿ ತೊಡಗಿದರು? ಅದೂ ಹೋಗಲಿ, ‘ತೊಡಗಿಸಿಕೊಳ್ಳು’ವವರು ಯಾರು? ಓದುಗರು ತಮ್ಮನ್ನು ತಾವು ತೊಡಗಿಸಿಕೊಂಡರೋ, ಪುಟದವರು ಓದುಗರನ್ನು ತೊಡಗಿಸಿಕೊಂಡರೋ? ಪದ ಎರಡು ಕಡೆಗೂ ವಾಲುತ್ತದೆ.

‘ಸ್ಪಂದನೆ’ ಚಿಕ್ಕದು, ಎಲ್ಲರಿಗೂ ಗೊತ್ತಿರುವುದು. ಆದರೆ ಪತ್ರಿಕೆ ಮತ್ತು ಕಚೇರಿಗಳ ಕೈಯಲ್ಲಿ ಅದು ಅಹವಾಲಿಗೆ ಅಂಟಿಕೊಂಡಿದೆ: ‘ಮನವಿಗೆ ಸ್ಪಂದಿಸಿದ ಶಾಸಕ’, ‘ಜನಸ್ಪಂದನ’. ಅಲ್ಲಿ ಮೇಲಿನವರು ಕೆಳಗಿನವರಿಗೆ ಸ್ಪಂದಿಸುತ್ತಾರೆ. ಹಪ್ಪಳ ಮಾರುವವರ ಪುಟಕ್ಕೆ ಆ ಗತ್ತು ಯಾಕೆ ಎನ್ನಿಸಿತು. ‘ಒಡನಾಟ’ ಬಲು ಚಂದ, ಆದರೆ ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಒಂದು ರೀಲಿಗೆ ಶೇಕಡಾವಾರು ಒಡನಾಟ ಹೇಳಲಾಗದು.

ದಾರಿ ತೋರಿಸಿದ್ದು ಸಂಘದವರೇ. "ನಮ್ಮ ಪೇಜಿಗೆ ನೋಡುವವರು ಬೇಕಷ್ಟು ಜನ, ಮಾತಾಡಿಸುವವರೇ ಇಲ್ಲ" ಎಂದರು ಒಬ್ಬರು. ‘ಮಾತಾಡಿಸು’ ರೂಪದಲ್ಲಿ ಪ್ರೇರಣಾರ್ಥಕ, ಬಳಕೆಯಲ್ಲಿ ಬೇರೆಯೇ. "ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ", "ಆಸ್ಪತ್ರೆಗೆ ಹೋಗಿ ಮಾತಾಡಿಸಿಕೊಂಡು ಬಂದೆ". ಕಂಡೂ ಕಾಣದಂತೆ ಹೋಗುವುದಕ್ಕೆ ಸರಿಯಾದ ಎದುರುಪದ. ‘ಎಂಗೇಜ್‌ಮೆಂಟ್ ಹೆಚ್ಚಿಸುವ ವಿಧಾನಗಳು’ ಎಂಬ ಅಧ್ಯಾಯ ಈಗ ‘ನೋಡಿದವರು ಮಾತಾಡಿಸುವ ಹಾಗೆ ಮಾಡುವುದು ಹೇಗೆ?’ ಆಗಿದೆ. ಉದಾಹರಣೆಯೂ ಅವರದ್ದೇ. "ಹಲಸಿನ ಹಪ್ಪಳ ಲಭ್ಯ, ಸಂಪರ್ಕಿಸಿ" ಎಂದು ಹಾಕಿದಾಗ ಯಾರೂ ತುಟಿ ಬಿಚ್ಚಲಿಲ್ಲ. ಚಾಪೆಯ ಮೇಲೆ ಒಣಗುತ್ತಿದ್ದ ಹಪ್ಪಳದ ಅದೇ ಫೋಟೊದ ಕೆಳಗೆ "ನಿಮ್ಮನೇಲಿ ಹಿಟ್ಟಿಗೆ ಕೊತ್ತಂಬರಿ ಹಾಕ್ತ್ರೋ, ಜೀರಿಗೆಯೋ?" ಎಂದು ಕೇಳಿದ್ದೇ ತಡ, ಕಾಮೆಂಟಿನಲ್ಲಿ ಜಗಳವೇ ಶುರುವಾಯಿತು. (ಇದು ನಿಜವಾದ ಪ್ರಶ್ನೆ. "ಹೌದಾದರೆ ಲೈಕ್ ಒತ್ತಿ, ಹತ್ತು ಜನರಿಗೆ ಕಳಿಸಿ" ಎನ್ನುವುದು ಬೇರೆ. ಅಂಥವನ್ನು ಹಿಂದಕ್ಕೆ ತಳ್ಳುತ್ತೇವೆಂದು ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು. ಇಂಥ ಆಮಿಷಕ್ಕೆ ಇಂಗ್ಲಿಷಿನಲ್ಲಿ ‘ಬೈಟ್’ ಎನ್ನುತ್ತಾರೆ; ಅದಕ್ಕೆ ಕನ್ನಡದಲ್ಲಿ ‘ಎರೆ’ ಇದೆ, ಗಾಳಕ್ಕೆ ಸಿಕ್ಕಿಸುವ ಎರೆಹುಳದ ಎರೆ.)

ತೊಡಕು ಇನ್ನೂ ಉಳಿದಿದೆ. ಕಾಮೆಂಟು ಮಾತಾಡಿಸುವುದು ಹೌದು, ಬರೀ ಲೈಕು? ಅದಕ್ಕೆ ನನಗೆ ನೆನಪಾದದ್ದು ‘ಹೂಂಗುಟ್ಟು’. ಅಜ್ಜಿ ಕಥೆ ಹೇಳುವಾಗ ನಡುನಡುವೆ ಹೂಂ ಅನ್ನಬೇಕಿತ್ತು. ಅನ್ನದಿದ್ದರೆ ನಿದ್ದೆ ಬಂತೆಂದು ಕಥೆ ನಿಲ್ಲಿಸುತ್ತಿದ್ದಳು. ಫೇಸ್‌ಬುಕ್ಕಿನ ಲೆಕ್ಕಾಚಾರವೂ ಅಜ್ಜಿಯ ಜಾತಿಯದ್ದೇ: ಯಾರೂ ಹೂಂ ಅನ್ನದ ಪೋಸ್ಟನ್ನು ಮುಂದಿನವರಿಗೆ ತೋರಿಸಲು ಅದಕ್ಕೆ ಉಮೇದು ಕಡಿಮೆ. ಆದರೆ ನಾಮಪದ ಮಾಡಹೊರಟರೆ ಮತ್ತೆ ‘ವಿಕೆ’ ಹಚ್ಚಬೇಕು; ‘ಹೂಂಕಾರ’ ಎಂದರೆ ಗುಟುರು ಹಾಕಿದಂತಾಗುತ್ತದೆ. ‘ಹೂಂ ಅಂದವರು’ ಎಂದರೆ ಲೆಕ್ಕ ತಪ್ಪುತ್ತದೆ, ಒಬ್ಬರೇ ಲೈಕೂ ಒತ್ತಿ ಕಾಮೆಂಟೂ ಬರೆದಿರಬಹುದು.

ನಿಮ್ಮ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ, ಚಾಮರಾಜನಗರದವರು ಹೇಳಬೇಕು, ಕಥೆ ಕೇಳುವವರ ಈ ಹೂಂಗೆ ಬೇರೆ ಹೆಸರಿದೆಯೇ? ಇಲ್ಲವಾದರೆ ‘ಹೂಂ’ ಅನ್ನೇ ನಾಮಪದ ಮಾಡಿ "ಈ ರೀಲಿಗೆ ನೂರಕ್ಕೆ ನಾಲ್ಕು ಹೂಂ" ಎಂದು ಅಚ್ಚಿಗೆ ಕಳಿಸಿದರೆ ನಗುತ್ತೀರಾ?