ನಿವೃತ್ತ ಶಿಕ್ಷಕಿಯೊಬ್ಬರು ಶಾಲಾ ಮಂಡಳಿಗೆ ಸ್ಪರ್ಧಿಸುವುದು: ನ್ಯೂಯಾರ್ಕ್ ರಾಜ್ಯದಲ್ಲಿರುವವರಿಂದ ಸಲಹೆ ಬೇಕು

ಪ್ರಶ್ನೆ: ಗಣಿತದ ಮೇಡಂ

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ನಗರದ ಹೊರವಲಯದ ಒಂದು ಶಾಲಾ ಜಿಲ್ಲೆಯಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕ) ಬಹುಕಾಲ ಗಣಿತ ಕಲಿಸಿ ಇತ್ತೀಚೆಗೆ ನಿವೃತ್ತಳಾಗಿದ್ದೇನೆ. ನಮ್ಮ ಮನೆ ಇರುವುದೂ ಅದೇ ಜಿಲ್ಲೆಯಲ್ಲಿ. ಬರುವ ಮೇ ತಿಂಗಳಲ್ಲಿ ಜಿಲ್ಲೆಯ ಚುನಾಯಿತ ಶಾಲಾ ಮಂಡಳಿಯ ಎರಡು ಸ್ಥಾನಗಳು ತೆರವಾಗಲಿದ್ದು, ನನ್ನಲ್ಲಿ ಓದಿದ ಮಕ್ಕಳ ತಂದೆತಾಯಂದಿರು ಕೆಲವರು ನೀವೇ ನಿಲ್ಲಬೇಕೆಂದು ಒತ್ತಾಯಿಸುತ್ತಿದ್ದಾರೆ. ಮಾಧ್ಯಮಿಕ ಹಂತದಲ್ಲಿ ಹಿಂದುಳಿದ ಮಕ್ಕಳಿಗೆ ನಡೆಸುತ್ತಿದ್ದ ಹೆಚ್ಚುವರಿ ಗಣಿತ ತರಗತಿಗಳನ್ನು ಖರ್ಚಿನ ಕಾರಣ ಹೇಳಿ ನಿಲ್ಲಿಸಲಾಗಿದೆ. ಅವುಗಳನ್ನು ಮತ್ತೆ ಆರಂಭಿಸಬೇಕೆಂಬುದು ನನ್ನ ಮುಖ್ಯ ಆಸೆ.

ಆದರೆ ಕೆಲವು ಅನುಮಾನಗಳಿವೆ. ನಾನು ಕೆಲಸ ಮಾಡಿದ ಜಿಲ್ಲೆಯ ಮಂಡಳಿಗೇ ನಾನು ಸದಸ್ಯಳಾಗಲು ಕಾನೂನಿನ ಅಡ್ಡಿ ಇದೆಯೇ? ಶಿಕ್ಷಕರ ಸಂಘದವರು ಬೆಂಬಲ ಘೋಷಿಸುವುದಾಗಿ ಹೇಳುತ್ತಿದ್ದಾರೆ, ಅದನ್ನು ಒಪ್ಪಿಕೊಳ್ಳುವುದು ಸರಿಯೇ? ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ಸದಸ್ಯೆಯಾಗಿ ನಾನು ನಿಜವಾಗಿ ಏನನ್ನು ಬದಲಾಯಿಸಬಲ್ಲೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೆಯ ಸದಸ್ಯ

ಮೇಡಂ, ಇದೇ ರಾಜ್ಯದ ಒಂದು ಮಂಡಳಿಯಲ್ಲಿ ಒಂದು ಅವಧಿ ಸದಸ್ಯನಾಗಿದ್ದವನು ನಾನು. ಮೊದಲು ಕಾನೂನಿನ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ನೀವು ಅಂದುಕೊಂಡಷ್ಟು ಕಷ್ಟದ್ದಲ್ಲ. ಅಭ್ಯರ್ಥಿಯು ಅಮೆರಿಕದ ಪ್ರಜೆಯಾಗಿ, ಮತದಾನದ ಅರ್ಹತೆ ಹೊಂದಿ, ಚುನಾವಣೆಗೆ ಮುಂಚೆ ಕನಿಷ್ಠ ಒಂದು ವರ್ಷ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ಜಿಲ್ಲೆಯ ಹಾಲಿ ನೌಕರರು ಅದೇ ಜಿಲ್ಲೆಯ ಮಂಡಳಿಯಲ್ಲಿ ಇರುವಂತಿಲ್ಲ, ಆದರೆ ನಿವೃತ್ತರಿಗೆ ಆ ನಿಷೇಧ ಅನ್ವಯಿಸುವುದಿಲ್ಲ. ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಿ: ನಿವೃತ್ತರಾದ ಮೇಲೂ ಆಗಾಗ ಬದಲಿ ಶಿಕ್ಷಕಿಯಾಗಿ ಹೋಗುತ್ತಿದ್ದರೆ ನೀವು ಮತ್ತೆ ನೌಕರರೇ ಆಗುತ್ತೀರಿ, ಆದ್ದರಿಂದ ಆ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಬೇಕಾಗುತ್ತದೆ. ಒಂದೇ ಮನೆಯಲ್ಲಿರುವ ಕುಟುಂಬದ ಇಬ್ಬರು ಒಂದೇ ಮಂಡಳಿಯಲ್ಲಿ ಇರಕೂಡದೆಂಬ ನಿಯಮವೂ ಇದೆ.

ದೊಡ್ಡ ನಗರಗಳನ್ನು ಬಿಟ್ಟರೆ ಚುನಾವಣೆ ಮೇ ತಿಂಗಳ ಮೂರನೆಯ ಮಂಗಳವಾರ, ಬಜೆಟ್ ಮೇಲಿನ ಮತದಾನದ ಜೊತೆಯಲ್ಲೇ ನಡೆಯುತ್ತದೆ. ನಿಮ್ಮಂತಹ ಉಪನಗರದ ಜಿಲ್ಲೆಯಲ್ಲಿ ನಾಮಪತ್ರಕ್ಕೆ ಕನಿಷ್ಠ 25 ಮತದಾರರ ಸಹಿ, ಅಥವಾ ಹಿಂದಿನ ವಾರ್ಷಿಕ ಚುನಾವಣೆಯಲ್ಲಿ ಮತ ಹಾಕಿದವರ ಶೇ. 2ರಷ್ಟು ಜನರ ಸಹಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಬೇಕು. ಕೆಲವು ಜಿಲ್ಲೆಗಳಲ್ಲಿ ಎಲ್ಲ ಅಭ್ಯರ್ಥಿಗಳೂ ಒಟ್ಟಾಗಿ ಸ್ಪರ್ಧಿಸಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಇನ್ನು ಕೆಲವು ಕಡೆ ಯಾರ ಸ್ಥಾನಕ್ಕೆ ನಿಲ್ಲುತ್ತೀರೆಂದು ನಾಮಪತ್ರದಲ್ಲೇ ನಮೂದಿಸಬೇಕು. ನಿಮ್ಮಲ್ಲಿ ಯಾವ ಪದ್ಧತಿ ಎಂಬುದನ್ನು ಜಿಲ್ಲೆಯ ಕ್ಲರ್ಕ್ ಅವರಲ್ಲಿ ಈಗಲೇ ವಿಚಾರಿಸಿ, ಏಕೆಂದರೆ ಎರಡನೆಯ ಪದ್ಧತಿಯಿದ್ದರೆ ಯಾರ ಎದುರು ನಿಲ್ಲುವುದೆಂಬುದೇ ಅರ್ಧ ಚುನಾವಣೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಮಂಡಳಿಯ ಸಭೆಯ ಹೊರಗೆ ಒಬ್ಬ ಸದಸ್ಯರಿಗೆ ಜಿಲ್ಲೆಯ ಯಾವುದೇ ಸಾಮಾನ್ಯ ಮತದಾರರಿಗಿಂತ ಹೆಚ್ಚಿನ ಅಧಿಕಾರವಿಲ್ಲ ಎಂದು ರಾಜ್ಯದ ಶಿಕ್ಷಣ ಆಯುಕ್ತರು ದಶಕಗಳಿಂದ ತೀರ್ಪು ನೀಡುತ್ತಾ ಬಂದಿದ್ದಾರೆ. ಶಿಕ್ಷಕರಾಗಿದ್ದವರಿಗೆ ಇದನ್ನು ಅರಗಿಸಿಕೊಳ್ಳುವುದೇ ಬಹಳ ಕಷ್ಟ. ನೀವು ನಿಮ್ಮ ಹಳೆಯ ಶಾಲೆಗೆ ಹೋಗಿ, ತರಗತಿಯ ಹಿಂದೆ ಕುಳಿತು, ಪಾಠ ಹೇಗೆ ನಡೆಯುತ್ತಿದೆ ಎಂದು ನೋಡಿ ಮುಖ್ಯೋಪಾಧ್ಯಾಯರಿಗೆ ಸಲಹೆ ಕೊಡುವಂತಿಲ್ಲ. ಜಿಲ್ಲೆಯ ಮುಖ್ಯ ಆಡಳಿತಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ಅವರ ಕೆಲಸವನ್ನು ಅಳೆಯುವುದು, ನೀತಿಗಳನ್ನು ಅಂಗೀಕರಿಸುವುದು, ಬಜೆಟ್ ರೂಪಿಸಿ ಜನರ ಮುಂದಿಡುವುದು, ಮುಖ್ಯವಾಗಿ ಇಷ್ಟು ಮಂಡಳಿಯ ಕೆಲಸ, ಶಾಲೆಗಳ ದಿನನಿತ್ಯದ ನಿರ್ವಹಣೆ ಆಡಳಿತದವರದು. ನಮ್ಮ ಮಂಡಳಿಯಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರಿಗೆ ಈ ಗೆರೆ ಕೊನೆಯವರೆಗೂ ಕಾಣಲೇ ಇಲ್ಲ. ಅವರು ಹೇಳುತ್ತಿದ್ದ ಮಾತು ಬಹುಪಾಲು ಸರಿಯಾಗಿಯೇ ಇರುತ್ತಿತ್ತು, ಆದರೆ ಹೇಳುತ್ತಿದ್ದ ಜಾಗ ತಪ್ಪಾಗಿದ್ದರಿಂದ ಯಾರೂ ಕಿವಿಗೊಡಲಿಲ್ಲ.

ಉತ್ತರ 2: ತೆರಿಗೆ ಕಟ್ಟುವವ

ಮೇಲಿನವರ ಮಾತನ್ನು ಒಪ್ಪುತ್ತಲೇ, ಹಣದ ಕುರಿತು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಗಣಿತ ತರಗತಿಗಳ ಪ್ರಶ್ನೆ ಇತ್ಯರ್ಥವಾಗುವುದು ಅಲ್ಲೇ.

2011ರಲ್ಲಿ ಬಂದ ಕಾನೂನಿನಂತೆ ಜಿಲ್ಲೆಯು ವಸೂಲು ಮಾಡುವ ಒಟ್ಟು ಆಸ್ತಿ ತೆರಿಗೆಯ ವಾರ್ಷಿಕ ಏರಿಕೆಗೆ ಮಿತಿಯಿದೆ: ಶೇ. 2 ಅಥವಾ ಹಣದುಬ್ಬರದ ದರ, ಯಾವುದು ಕಡಿಮೆಯೋ ಅದು. ಕೆಲವು ವಿನಾಯಿತಿಗಳಿರುವುದರಿಂದ ಒಂದೊಂದು ಜಿಲ್ಲೆಯ ಮಿತಿ ಒಂದೊಂದು ತೆರನಾಗಿ ಬರುತ್ತದೆ. ಮಿತಿಯನ್ನು ಮೀರಬೇಕಾದರೆ ಮತ ಹಾಕಿದವರಲ್ಲಿ ಶೇ. 60ರಷ್ಟು ಜನರ ಒಪ್ಪಿಗೆ ಬೇಕು. ಬಜೆಟ್ ಎರಡು ಬಾರಿ ಸೋತರೆ ತೆರಿಗೆಯನ್ನು ಹಿಂದಿನ ವರ್ಷಕ್ಕಿಂತ ಒಂದು ಡಾಲರ್ ಕೂಡ ಏರಿಸುವಂತಿಲ್ಲ. ಇತ್ತ ಖರ್ಚಿನ ಸಿಂಹಪಾಲು ಸಂಬಳ, ಪಿಂಚಣಿ ವಂತಿಗೆ ಮತ್ತು ಆರೋಗ್ಯ ವಿಮೆಗೇ ಹೋಗುತ್ತದೆ, ಅವು ಯಾವ ಮಿತಿಯನ್ನೂ ಕೇಳಿ ಏರುವುದಿಲ್ಲ. ಹೀಗಾಗಿ ಕತ್ತರಿ ಬೀಳುವುದು ಕಾನೂನು ಕಡ್ಡಾಯ ಮಾಡದ ಬಾಬುಗಳ ಮೇಲೆ. ನಿಮ್ಮ ಹೆಚ್ಚುವರಿ ತರಗತಿಗಳೂ ಅಂಥ ಬಾಬುಗಳೇ ಆಗಿರಬಹುದು. ಕೋವಿಡ್ ಕಾಲದ ಕೇಂದ್ರ ನೆರವಿನಿಂದ ಆರಂಭವಾದ ತರಗತಿಗಳಾಗಿದ್ದರೆ, ಆ ನೆರವಿನ ಕೊನೆಯ ಕಂತಿನ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿದಿದ್ದೇ ಕಾರಣವಾಗಿದ್ದೀತು. ಯಾವ ಹಣದಿಂದ ನಡೆಯುತ್ತಿತ್ತು ಎಂಬುದನ್ನು ಮೊದಲು ಪತ್ತೆ ಮಾಡಿ. ಅದು ತಿಳಿಯದೆ ‘ಮತ್ತೆ ಆರಂಭಿಸುತ್ತೇನೆ’ ಎಂದು ಮನೆಮನೆಗೆ ಮಾತು ಕೊಡಬೇಡಿ.

ಎರಡನೆಯದಾಗಿ, ಜಿಲ್ಲೆಯ ಉಳಿಕೆ ಹಣವನ್ನು ನೋಡಿ. ಯಾವ ಉದ್ದೇಶಕ್ಕೂ ಮೀಸಲಿಡದ ಉಳಿಕೆ ಮುಂದಿನ ವರ್ಷದ ಬಜೆಟ್‌ನ ಶೇ. 4ನ್ನು ದಾಟಬಾರದೆಂದು ಕಾನೂನಿದೆ. ಆದರೂ ದಾಟಿದ ಜಿಲ್ಲೆಗಳನ್ನು ರಾಜ್ಯದ ಕಂಪ್ಟ್ರೋಲರ್ ಕಚೇರಿಯ ಲೆಕ್ಕಪರಿಶೋಧನಾ ವರದಿಗಳು ಮತ್ತೆ ಮತ್ತೆ ಎತ್ತಿ ತೋರಿಸಿವೆ. ನಿಮ್ಮ ಜಿಲ್ಲೆಯ ಬಗ್ಗೆ ಅಂತಹ ವರದಿ ಇದ್ದರೆ ಯಾರು ಬೇಕಾದರೂ ಓದಬಹುದು. ಗಣಿತ ಕಲಿಸಿದವರು ಮಂಡಳಿಯಲ್ಲಿ ಇರಬೇಕೆಂದು ನನಗೆ ಅನ್ನಿಸುವುದು ಇದಕ್ಕೇ ಹೊರತು ಪಾಠ ಮಾಡುವ ಕಲೆ ಗೊತ್ತೆಂಬ ಕಾರಣಕ್ಕಲ್ಲ. ಲಾಂಗ್ ಐಲೆಂಡ್‌ನ ರಾಸ್ಲಿನ್ ಜಿಲ್ಲೆಯಲ್ಲಿ ಸೂಪರಿಂಟೆಂಡೆಂಟರೇ ಸೇರಿಕೊಂಡು ಒಂದು ಕೋಟಿ ಡಾಲರಿಗೂ ಮೀರಿ ಲಪಟಾಯಿಸಿದ್ದು 2004ರಲ್ಲಿ ಬಯಲಾದಾಗ, ವರ್ಷಗಟ್ಟಲೆ ಲೆಕ್ಕಕ್ಕೆ ತಲೆಯಾಡಿಸಿದ ಮಂಡಳಿಯ ಮೇಲೂ ಪ್ರಶ್ನೆಗಳೆದ್ದವು. ಹೊಸ ಸದಸ್ಯರು ಮೊದಲ ವರ್ಷದಲ್ಲೇ 6 ಗಂಟೆಗಳ ಹಣಕಾಸು ತರಬೇತಿ ಪಡೆಯಬೇಕೆಂಬ ನಿಯಮ ಬಂದದ್ದು ಆ ಹಗರಣದ ನಂತರವೇ.

ಉತ್ತರ 3: ಸಂಘದಲ್ಲಿದ್ದವಳು

ಬೆಂಬಲದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನಾನೂ ನಿವೃತ್ತ ಶಿಕ್ಷಕಿ, ಸಂಘದ ಸಂಧಾನ ಸಮಿತಿಯಲ್ಲಿ ದುಡಿದವಳು, ಆದ್ದರಿಂದ ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವುದಿಲ್ಲ.

ಸಂಘದ ಬೆಂಬಲದಲ್ಲಿ ತಪ್ಪೇನೂ ಇಲ್ಲ. ಮತ ಹಾಕಲು ಬರುವವರೇ ಕಡಿಮೆ ಇರುವ ಇಂತಹ ಚುನಾವಣೆಗಳಲ್ಲಿ ಅದರಿಂದ ನಿಜವಾದ ಅನುಕೂಲವೂ ಇದೆ. ಆದರೆ ಸರ್ಕಾರಿ ನೌಕರರ ಸಂಘಗಳ ಕುರಿತ 1967ರ ಟೇಲರ್ ಕಾನೂನಿನಡಿ ಸಂಘವು ಒಪ್ಪಂದದ ಮಾತುಕತೆ ನಡೆಸುವುದು ನೀವು ಸೇರಬೇಕೆಂದಿರುವ ಮಂಡಳಿಯೊಂದಿಗೇ. ಒಪ್ಪಂದದ ಅವಧಿ ಮುಗಿದರೂ ಹೊಸದು ಆಗುವ ತನಕ ಹಳೆಯ ಷರತ್ತುಗಳೇ ಮುಂದುವರಿಯಬೇಕೆಂಬ 1982ರ ತಿದ್ದುಪಡಿಯಿಂದಾಗಿ ಮಾತುಕತೆ ವರ್ಷಗಟ್ಟಲೆ ಎಳೆಯುವುದುಂಟು. ಅಷ್ಟೂ ಕಾಲ ನೀವು ಮೇಜಿನ ಆ ಬದಿಯಲ್ಲಿರುತ್ತೀರಿ. ಬೆಂಬಲ ಒಪ್ಪಿಕೊಳ್ಳುವ ಮೊದಲು ಸಂಘದ ಅಧ್ಯಕ್ಷರಿಗೆ ನೇರವಾಗಿ ಹೇಳಿ: ಶಿಕ್ಷಕರ ಕಷ್ಟ ಬಲ್ಲವಳೆಂದು ನನ್ನನ್ನು ಬೆಂಬಲಿಸುವುದಾದರೆ ಸಂತೋಷ, ಒಪ್ಪಂದದಲ್ಲಿ ನಿಮ್ಮ ಪರ ಮತ ಹಾಕುತ್ತೇನೆಂಬ ನಿರೀಕ್ಷೆಯಿದ್ದರೆ ಈಗಲೇ ಬೇಡ. ಹಣವನ್ನಂತೂ ತೆಗೆದುಕೊಳ್ಳಬೇಡಿ ಎಂದೇ ನನ್ನ ಸಲಹೆ. ಇಂತಹ ಚುನಾವಣೆಗೆ ಕರಪತ್ರ ಮತ್ತು ಮನೆಯಂಗಳದ ಫಲಕಗಳಿಗಿಂತ ಹೆಚ್ಚು ಖರ್ಚು ಸಾಮಾನ್ಯವಾಗಿ ಇರುವುದಿಲ್ಲ. ಖರ್ಚು 500 ಡಾಲರ್ ದಾಟಿದರೆ ಲೆಕ್ಕ ಸಲ್ಲಿಸಬೇಕು. ಜಿಲ್ಲೆಯ ಇಮೇಲ್ ಆಗಲಿ, ಶಾಲೆಯ ನಕಲು ಯಂತ್ರವಾಗಲಿ ನಿಮ್ಮ ಪ್ರಚಾರಕ್ಕೆ ಬಳಕೆಯಾಗದಂತೆ ಹಳೆಯ ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿಬಿಡಿ. ಅವರು ಅಭಿಮಾನದಿಂದ ಮಾಡಿದ್ದೂ ನಿಮ್ಮ ತಲೆಗೇ ಬರುತ್ತದೆ.

ನಿವೃತ್ತರಾಗಿ ನೀವು ಜಿಲ್ಲೆಯ ಮೂಲಕ ಆರೋಗ್ಯ ವಿಮೆ ಪಡೆಯುತ್ತಿರಬಹುದು. ಆ ವಿಮೆಯನ್ನು ಮುಟ್ಟುವ ಮತದಾನಗಳಲ್ಲಿ ಏನು ಮಾಡಬೇಕೆಂದು ಜಿಲ್ಲೆಯ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ, ಮತ್ತು ಪ್ರಚಾರದ ಸಮಯದಲ್ಲೇ ಈ ವಿಷಯವನ್ನು ನೀವಾಗಿ ಹೇಳಿಕೊಳ್ಳಿ. ಎದುರಾಳಿ ಹೇಳುವ ತನಕ ಕಾಯಬೇಡಿ.

ಪ್ರತಿಕ್ರಿಯೆ: ಗಣಿತದ ಮೇಡಂ

ಮೂವರಿಗೂ ವಂದನೆಗಳು. ಬದಲಿ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರು ಇರುವುದು ನಿಜ, ಅದು ಅಡ್ಡಿಯಾದೀತೆಂದು ಹೊಳೆದಿರಲಿಲ್ಲ. ಇನ್ನೊಂದು ಅಳುಕು ಉಳಿದಿದೆ. ನಾನೇ ಕೈಹಿಡಿದು ಕೆಲಸ ಕಲಿಸಿದ ಇಬ್ಬರು ಕಿರಿಯ ಶಿಕ್ಷಕರ ಟೆನ್ಯೂರ್ (ಕೆಲಸ ಕಾಯಂ ಮಾಡುವ) ಪ್ರಶ್ನೆ ಮುಂದಿನ ಮಂಡಳಿಯ ಮುಂದೆ ಬರಲಿದೆ. ಅಂತಹ ಸಂದರ್ಭದಲ್ಲಿ ಮತ ಹಾಕದೆ ಸುಮ್ಮನಿದ್ದುಬಿಡುವುದು ಗೌರವದ ದಾರಿಯಲ್ಲವೇ?

ಉತ್ತರ 4: ಹಳೆಯ ಸದಸ್ಯ

ಅಲ್ಲ ಮೇಡಂ, ಇದರಲ್ಲಿ ಬಹಳ ಜನ ಎಡವುತ್ತಾರೆ. 2015ರ ಜುಲೈ ನಂತರ ನೇಮಕವಾದ ಶಿಕ್ಷಕರಿಗೆ ಸಾಮಾನ್ಯವಾಗಿ 4 ವರ್ಷಗಳ ಪರೀಕ್ಷಾವಧಿ ಇರುತ್ತದೆ. ಅದು ಮುಗಿಯುವಾಗ ಸೂಪರಿಂಟೆಂಡೆಂಟರು ಶಿಫಾರಸು ಮಾಡುತ್ತಾರೆ, ಮಂಡಳಿ ಮತ ಹಾಕುತ್ತದೆ. ಪರಿಚಯವಿದೆ ಎಂಬ ಒಂದೇ ಕಾರಣಕ್ಕೆ ಹಿಂದೆ ಸರಿಯಬೇಕೆಂಬ ನಿಯಮವಿಲ್ಲ. ಇದ್ದಿದ್ದರೆ ಸಣ್ಣ ಜಿಲ್ಲೆಗಳಲ್ಲಿ ಮತ ಹಾಕಲು ಯಾರೂ ಉಳಿಯುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ರಾಜ್ಯದಲ್ಲಿ ಯಾವುದೇ ನಿರ್ಣಯ ಅಂಗೀಕಾರವಾಗಲು ಸಭೆಗೆ ಬಂದವರ ಬಹುಮತ ಸಾಲದು, ಮಂಡಳಿಯ ಒಟ್ಟು ಸದಸ್ಯಬಲದ ಬಹುಮತ ಬೇಕು. 7 ಜನರ ಮಂಡಳಿಯಲ್ಲಿ ಇಬ್ಬರು ಗೈರಾಗಿ, ನೀವು ಸುಮ್ಮನಿದ್ದು, ಒಬ್ಬರು ವಿರೋಧಿಸಿದರೆ, ಪರವಾಗಿ ಬಿದ್ದ 3 ಮತಗಳಿಂದ ಟೆನ್ಯೂರ್ ಸಿಗುವುದಿಲ್ಲ. ನಿಮ್ಮ ಮೌನ ಆ ಶಿಕ್ಷಕರ ವಿರುದ್ಧದ ಮತವೇ ಆಗುತ್ತದೆ.

ಆದ್ದರಿಂದ ಕಡತವನ್ನು ಓದಿ, ಅವರ ತರಗತಿಯ ಬಗ್ಗೆ ನಿಮಗೆ ಮೊದಲೇ ಗೊತ್ತಿರುವುದನ್ನು ಬದಿಗಿಟ್ಟು, ಹೌದು ಅಥವಾ ಇಲ್ಲ ಎಂದು ಮತ ಹಾಕಿ. ಮುಚ್ಚಿದ ಬಾಗಿಲ ಸಭೆಯಲ್ಲಿ ಅವರ ಬಗ್ಗೆ ನಡೆದ ಚರ್ಚೆಯನ್ನು ಎಂದಿಗೂ ಹೊರಗೆ ಹೇಳಬೇಡಿ, ಅವರಿಗೂ ಹೇಳಬೇಡಿ. ಅದನ್ನು ಬಯಲು ಮಾಡಿದ ಸದಸ್ಯರನ್ನು ಪದಚ್ಯುತಗೊಳಿಸಲು ಅವಕಾಶವಿದೆ. ಶಾಲೆಯ ಪಾರ್ಕಿಂಗ್‌ನಲ್ಲಿ ಸಿಕ್ಕ ಹಳೆಯ ಗೆಳತಿ ‘ಒಳಗೆ ಏನಾಯಿತು’ ಎಂದು ಕೇಳಿದಾಗ ಉತ್ತರ ಕೊಡದಿರಲು ನಿಮಗೆ ಸಾಧ್ಯವೇ ಎಂಬುದನ್ನು ನಾಮಪತ್ರಕ್ಕೆ ಸಹಿ ಸಂಗ್ರಹಿಸುವ ಮೊದಲೇ ಯೋಚಿಸಿ. ಸಾಧ್ಯವೆಂದಾದರೆ ಧಾರಾಳವಾಗಿ ನಿಲ್ಲಿ, ಮತ್ತು ಸಹಿಗಳನ್ನು ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಸಂಗ್ರಹಿಸಿ, ಏಕೆಂದರೆ ಅರ್ಹರಲ್ಲದವರ ಸಹಿಗಳು ಕೆಲವಾದರೂ ಅದರಲ್ಲಿ ಸೇರಿರುತ್ತವೆ.